ಆ ಪಾತ್ರ ಅವರು ಮಾಡಬೇಕಿತ್ತಂತೆ

2014ರ ನವೆಂಬರಿನಲ್ಲಿ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನದ ಆಟ. ಚಿತ್ರಮಂದಿರದ ತುಂಬ ಅರವತ್ತು ದಾಟಿದವರು. ಮೆಟ್ಟಿಲು ಹತ್ತುವಾಗ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು, ಮದುವೆಮನೆಗೆ ಬಂದವರ ಹಾಗೆ ಗುರುತಿಲ್ಲದವರನ್ನೂ ಮಾತಾಡಿಸುತ್ತ ಬರುತ್ತಿದ್ದರು. ಅಮ್ಮ ಈ ಚಿತ್ರವನ್ನು ಮೊದಲು ನೋಡಿದ್ದು ಸಾಗರದ ಕಡೆಯ ಒಂದು ಟೆಂಟಿನಲ್ಲಿ, ಹೆಂಗಸರ ಕಡೆ ಹಾಸಿದ ಚಾಪೆಯ ಮೇಲೆ, ಚಿಕ್ಕಮ್ಮನ ಪಕ್ಕ ಕುಳಿತು. ಆಮೇಲೆ ದೂರದರ್ಶನದಲ್ಲಿ ಎಷ್ಟು ಸಲವೋ. ಎಲ್ಲೆಲ್ಲಿ ಅಳು ಬರುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಹಾಗಾಗಿ ಸೆರಗನ್ನು ಮೊದಲೇ ಎಳೆದು ಮಡಿಲಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದಳು.

ನಮ್ಮ ಹಿಂದಿನ ಸಾಲಿನಲ್ಲಿ ಹಿರಿಯರೊಬ್ಬರು ಮೊಮ್ಮಗನಿಗೆ ಚಿತ್ರದುದ್ದಕ್ಕೂ ಮಾಹಿತಿ ಒದಗಿಸುತ್ತಿದ್ದರು. ಹಾಡು ಬರೆದವರು ಚಿ. ಉದಯಶಂಕರ್, ಸಂಗೀತ ಜಿ.ಕೆ. ವೆಂಕಟೇಶ್, ನಿರ್ದೇಶನ ದೊರೈ-ಭಗವಾನ್ ಎಂದು ಒಂದೊಂದಾಗಿ. ಮೊಮ್ಮಗ ಹೂಂಗುಟ್ಟುವುದನ್ನು ಇಂಟರ್‌ವಲ್ಲಿಗೇ ನಿಲ್ಲಿಸಿದ್ದ. ಕೊನೆಗೆ ಆ ಘಟ್ಟ ಬಂತು. ಎಲ್ಲವನ್ನೂ ಕೊಟ್ಟು ಕೊಟ್ಟು ಬರಿಗೈಯಾದ ರವಿವರ್ಮನ ಮನೆಗೆ ನೀಲಾ ಬಂದಿದ್ದಾಳೆ. ಬಂದವರನ್ನು ಊಟ ಹಾಕದೆ ಕಳಿಸುವ ಮನೆಯಲ್ಲ ಅದು. ಅವಳು ಬಂದ ಕಾರಣ ಹೇಳುತ್ತಾಳೆ: ಕಾಯಿಲೆ ಬಿದ್ದ ಮಗುವಿಗೆ ಆ ಸಾಕಿದ ಪಾರಿವಾಳ ಬೇಕು. ಆದರೆ ಅವಳ ಊಟಕ್ಕಾಗಿ ಆ ಪಾರಿವಾಳವೇ ಹೋಗಿಬಿಟ್ಟಿದೆ. ತೆರೆಯ ಮೇಲೆ ರಾಜ್‌ಕುಮಾರ್ ಅವರ ಮುಖ. ಅಷ್ಟರಲ್ಲಿ ಹಿಂದಿನಿಂದ ಆ ಹಿರಿಯರ ಪಿಸುಮಾತು, ನಾಲ್ಕು ಸಾಲಿಗೆ ಕೇಳುವಂಥದ್ದು: “ಇದನ್ನು ಮೊದಲು ಶಿವಾಜಿ ಗಣೇಶನ್ ಮಾಡಬೇಕಿತ್ತಂತೆ.”

ಅಮ್ಮ ತಿರುಗಿ ನೋಡಲೂ ಇಲ್ಲ. “ಸುಮ್ಮನಿರಿ, ಪಾರಿವಾಳ ಹೋಗಿದೆ” ಎಂದಳು.

ಹಿರಿಯರು ಸುಮ್ಮನಾದರು. ನಾನು ಮಾತ್ರ ಸುಮ್ಮನಾಗಲಿಲ್ಲ. ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ ಇಷ್ಟು ವರ್ಷ ಕಾಡಿದೆ. ಅವರು ಹೇಳಿದ್ದು ಸುಳ್ಳಲ್ಲ. ಕಥೆ ತಮಿಳಿನ ಜಿ. ಬಾಲಸುಬ್ರಮಣ್ಯಂ ಅವರದು. ಶಿವಾಜಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಣೆದದ್ದು, ಅವರು ಒಲ್ಲೆ ಎಂದ ಮೇಲೆ ಕನ್ನಡಕ್ಕೆ ಬಂದದ್ದು. ಕೊನೆಗೆ ನಾಯಕ ಸಾಯುತ್ತಾನಲ್ಲ ಎಂಬುದೇ ಅವರಿಗೆ ಅಡ್ಡಿಯಾಯಿತಂತೆ. ಸರಿ. ಆದರೆ ಪಾರಿವಾಳದ ಹೊತ್ತಿನಲ್ಲಿ ಅದನ್ನು ಹೇಳಬೇಕು ಎಂದು ಅವರಿಗೆ ಯಾಕೆ ಅನ್ನಿಸಿತು? ಕಣ್ಣೆದುರು ಒಬ್ಬ ಮನುಷ್ಯ ಉಸಿರು ಕಟ್ಟಿ ನಿಂತಿರುವಾಗ, ಅಲ್ಲಿ ನಿಲ್ಲದೇ ಹೋದ ಇನ್ನೊಬ್ಬನ ನೆನಪು ಯಾಕೆ ಬರಬೇಕು?

ಅಂತೆ ಎಂಬ ಪ್ರತ್ಯಯ

‘ಅಂತೆ’ ನಮ್ಮ ಭಾಷೆಯ ದೊಡ್ಡ ಅನುಕೂಲ. ಎರಡೇ ಅಕ್ಷರ ಅಂಟಿಸಿದರೆ ಹೇಳಿದವನ ತಲೆಯ ಮೇಲಿನ ಹೊರೆ ಪೂರ್ತಿ ಇಳಿದುಹೋಗುತ್ತದೆ. ಬಂದಿತ್ತು ಎಂದರೆ ಸಾಕ್ಷಿ ಕೇಳುತ್ತಾರೆ. ಬಂದಿತ್ತಂತೆ ಎಂದರೆ ಕಾಫಿ ಕೊಡುತ್ತಾರೆ. ಸಿನಿಮಾದ ಕೈತಪ್ಪಿದ ಪಾತ್ರಗಳ ಕಥೆಗಳೆಲ್ಲ ಬದುಕಿರುವುದು ಈ ಪ್ರತ್ಯಯದ ನೆರಳಿನಲ್ಲೇ. ಅವುಗಳ ಆಕಾರವೂ ಒಂದೇ. ದೊಡ್ಡವರೊಬ್ಬರು ಬೇಡ ಎನ್ನುತ್ತಾರೆ, ಹೆಸರಿಲ್ಲದವನೊಬ್ಬ ಹೂಂ ಎನ್ನುತ್ತಾನೆ, ಚಿತ್ರ ನೂರು ದಿನ ಓಡುತ್ತದೆ, ಬೇಡ ಎಂದವರು ಕೈ ಕೈ ಹಿಸುಕಿಕೊಳ್ಳುತ್ತಾರೆ. ಬೇಡ ಎಂದ ಚಿತ್ರ ಎರಡನೇ ವಾರಕ್ಕೆ ಮಕಾಡೆ ಮಲಗಿ, ಬೇಡ ಎಂದವರು ನೆಮ್ಮದಿಯಿಂದ ನಿದ್ದೆ ಮಾಡಿದ ಪ್ರಸಂಗಗಳು ಇದರ ಹತ್ತು ಪಟ್ಟು ಇರಬೇಕು. ಅವು ಕಥೆಯಾಗುವುದಿಲ್ಲ.

ಕೆಲವಂತೂ ಹುಟ್ಟಿನಲ್ಲೇ ಟೊಳ್ಳು. ‘ಕಾಸಾಬ್ಲಾಂಕಾ’ದಲ್ಲಿ ಹಂಫ್ರಿ ಬೊಗಾರ್ಟ್ ಮಾಡಿದ ಪಾತ್ರವನ್ನು ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ ಮಾಡಬೇಕಿತ್ತು ಎಂದು ಜಗತ್ತೆಲ್ಲ ಹೇಳುತ್ತದೆ. 1942ರ ಜನವರಿಯಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆ ಅಂಥದ್ದೊಂದು ಪ್ರಕಟಣೆ ಕೊಟ್ಟದ್ದು ನಿಜ. ಅದು ತನ್ನ ನಟರ ಹೆಸರು ಪತ್ರಿಕೆಯಲ್ಲಿ ಆಡುತ್ತಿರಲಿ ಎಂದು ಪ್ರಚಾರ ವಿಭಾಗದವರು ಬಿಡುತ್ತಿದ್ದ ಗಾಳಿಪಟಗಳಲ್ಲಿ ಒಂದು. ರೇಗನ್ ಆ ಹೊತ್ತಿಗೆ ಸೇನೆಯ ಕರೆಗೆ ಕಾಯುತ್ತಿದ್ದವರು. ಗಾಳಿಪಟದ ದಾರ ಎಂದೋ ಹರಿಯಿತು. ಪಟ ಮಾತ್ರ ಇಂದಿಗೂ ಹಾರುತ್ತಿದೆ.

ಈ ಕಥೆಗಳನ್ನು ಹೇಳುವಾಗ ನಮ್ಮ ತಲೆಯಲ್ಲಿರುವ ಚಿತ್ರ ಸರ್ಕಾರಿ ಬಸ್ಸಿನದು ಎಂದು ನನ್ನ ಅನುಮಾನ. ಸೀಟು ಮೊದಲೇ ಇದೆ. ಕಿಟಕಿಯಿಂದ ಯಾರೋ ಟವೆಲ್ ಎಸೆದಿದ್ದಾರೆ. ಟವೆಲ್ಲಿನವರು ಹತ್ತುವುದು ತಡವಾಯಿತು, ಇನ್ನೊಬ್ಬರು ಅದನ್ನು ಮಡಿಸಿ ಪಕ್ಕಕ್ಕಿಟ್ಟು ಕುಳಿತರು. ಯಾರು ಕುಳಿತರೂ ಸೀಟು ಅದೇ, ಬಸ್ಸು ಹೋಗುವುದೂ ಅದೇ ಊರಿಗೆ. ಪಾತ್ರವನ್ನು ಹೀಗೆ ನೋಡಿದರೆ ಕೂರದೇ ಹೋದವರ ಬಗ್ಗೆ ಅಯ್ಯೋ ಎನ್ನಿಸುತ್ತದೆ, ಕುಳಿತವರ ಬಗ್ಗೆ ಸಣ್ಣ ಗುಮಾನಿಯೂ ಹುಟ್ಟುತ್ತದೆ. ನನ್ನ ತಕರಾರು ಇರುವುದು ಈ ಬಸ್ಸಿನ ಮೇಲೆಯೇ.

ರಾಮನಗರದ ಬಂಡೆಗಳು

ಕೆಲವು ವರ್ಷಗಳ ಹಿಂದೆ ಊರಿನಿಂದ ಬಂದ ನೆಂಟರ ಮಕ್ಕಳನ್ನು ಕರೆದುಕೊಂಡು ರಾಮನಗರಕ್ಕೆ ಹೋಗಿದ್ದೆ. ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಸಿಕ್ಕ ಆಟೊ ಚಾಲಕರು ರಾಮದೇವರ ಬೆಟ್ಟದ ಬುಡದವರೆಗೆ ಬಿಡಲು ಒಪ್ಪಿ, ದಾರಿಯುದ್ದಕ್ಕೂ ‘ಶೋಲೆ’ ಹೇಳಿದರು. 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಶುರುವಾದಾಗ ಅವರು ಹುಟ್ಟಿರಲೇ ಇಲ್ಲ. ಆದರೂ ಎಲ್ಲವನ್ನೂ ಕಂಡವರ ಹಾಗೆ ಹೇಳುತ್ತಿದ್ದರು. ಅವರ ತಂದೆ ಆ ಊರಿನ ಸೆಟ್ಟು ಕಟ್ಟುವಾಗ ಕಲ್ಲು ಹೊತ್ತವರಂತೆ. “ಗಬ್ಬರ್ ಸಿಂಗ್ ಪಾತ್ರಕ್ಕೆ ಡ್ಯಾನಿ ಬರಬೇಕಿತ್ತು ಸಾರ್. ಅವರು ಕಾಬೂಲಿಗೆ ಹೋದರು, ಇವರು ರಾಮನಗರಕ್ಕೆ ಬಂದರು. ಅಷ್ಟೇ ವ್ಯತ್ಯಾಸ.” ಆಮೇಲೆ ಕನ್ನಡಿಯಲ್ಲಿ ನಮ್ಮನ್ನು ನೋಡಿ ಸೇರಿಸಿದರು: “ನಮ್ಮ ತಂದೆಗೆ ಯಾರು ಬಂದರೂ ಕೂಲಿ ಒಂದೇ.”

ಅವರು ಹೇಳಿದ್ದು ಸರಿಯೇ. ಡ್ಯಾನಿ ಡೆನ್ಜೊಂಗ್ಪಾ ಆ ಹೊತ್ತಿಗೆ ಫಿರೋಜ್ ಖಾನ್ ಅವರ ‘ಧರ್ಮಾತ್ಮ’ಕ್ಕೆ ದಿನಾಂಕ ಕೊಟ್ಟಿದ್ದರು. ಆ ಚಿತ್ರೀಕರಣ ಅಫ್ಘಾನಿಸ್ತಾನದಲ್ಲಿ. ಜಾಗ ತುಂಬಲು ಬಂದವರು ಅಮ್ಜದ್ ಖಾನ್, ಹೆಚ್ಚಿನವರಿಗೆ ಗೊತ್ತಿಲ್ಲದ ಮುಖ. ಗಬ್ಬರ್ ಮೇಲೆ ಕಣ್ಣಿಟ್ಟವರಲ್ಲಿ ಸಂಜೀವ್ ಕುಮಾರ್ ಕೂಡ ಇದ್ದರು, ಧರ್ಮೇಂದ್ರ ಅವರಿಗೆ ಠಾಕೂರ್ ಆಗುವ ಆಸೆ. ಹಾಗಾದರೆ ಹೇಮಾ ಮಾಲಿನಿ ಜೊತೆಗಿರುವ ವೀರು ಪಾತ್ರ ಸಂಜೀವ್ ಕುಮಾರ್ ಅವರಿಗೆ ಹೋಗುತ್ತದೆ ಎಂದು ನಿರ್ದೇಶಕರು ನೆನಪಿಸಿದ ಕೂಡಲೇ ಆ ಆಸೆ ಕರಗಿತು ಎಂಬುದು ಎಲ್ಲರಿಗೂ ಗೊತ್ತಿರುವ ತಮಾಷೆ.

ನನಗೆ ರುಚಿಸುವುದು ಆಮೇಲಿನ ಭಾಗ. ಅಮ್ಜದ್ ಬಂದ ಮೊದಲ ದಿನಗಳಲ್ಲಿ ಏನೂ ಸರಿಹೋಗಲಿಲ್ಲ. ಮಾತು ತಡವರಿಸುತ್ತಿತ್ತು, ಟೇಕ್ ಮೇಲೆ ಟೇಕ್. ದನಿ ತೆಳುವಾಯಿತು, ಈ ಡಕಾಯಿತನಿಗೆ ಸಾಲದು ಎಂಬ ಗುಸುಗುಸು. ಅವರನ್ನು ಸೂಚಿಸಿದ್ದ, ಚಿತ್ರಕಥೆ ಬರೆದ ಸಲೀಂ-ಜಾವೇದ್ ಜೋಡಿಯೇ ಬದಲಾಯಿಸುವ ಮಾತಾಡಿತು. ನಿರ್ದೇಶಕ ರಮೇಶ್ ಸಿಪ್ಪಿ ಬದಲಾಯಿಸಲಿಲ್ಲ. ಅಂದರೆ, ಪಾತ್ರ ಇವರ ಕೈಗೆ ಬಂದ ಮೇಲೂ ಇವರದಾಗಿರಲಿಲ್ಲ. ಬಂಡೆಗಳ ನಡುವೆ ಅದು ಇನ್ನೂ ಅನಾಥವಾಗಿ ಅಲೆಯುತ್ತಿತ್ತು. ಅದಕ್ಕೆ ಮೈ ಬಂದದ್ದು ಸಣ್ಣ ಸಣ್ಣ ಸಂಗತಿಗಳಿಂದ: ಸೈನಿಕರು ಹಾಕಿ ಬಿಟ್ಟಂಥ ಆ ಮಾಸಲು ಉಡುಪು, ಅಂಗೈಯಲ್ಲಿ ತಿಕ್ಕುವ ತಂಬಾಕು, ಬಂಡೆಯ ಮೇಲೆ ಸೊಂಟದ ಪಟ್ಟಿಯನ್ನು ಎಳೆದುಕೊಂಡು ನಡೆಯುವ ಆ ನಿಧಾನ. ಸಾಂಭಾನನ್ನು ಕೂಗುವ ರಾಗವಂತೂ ಅವರು ಹಿಂದೆಂದೋ ಕೇಳಿದ್ದ, ಅಗಸನೊಬ್ಬ ಹೆಂಡತಿಯನ್ನು ಕರೆಯುತ್ತಿದ್ದ ರಾಗವಂತೆ. ಸಲೀಂ-ಜಾವೇದ್ ಬರೆದ ಹಾಳೆಯಲ್ಲಿ ಅಗಸನಿರಲಿಲ್ಲ. ಸಿಕ್ಕಿಂನಲ್ಲಿ ಹುಟ್ಟಿ ಬೆಳೆದ ಡ್ಯಾನಿಯವರ ಕಿವಿಯಲ್ಲಿ ಬೇರೆ ಯಾವುದೋ ಕೂಗು ಇದ್ದಿರಬೇಕು, ಅದರಿಂದ ಬೇರೆ ಯಾವುದೋ ಗಬ್ಬರ್ ಹುಟ್ಟುತ್ತಿದ್ದ. ಅವನು ಇವನಿಗಿಂತ ಕ್ರೂರಿಯಾಗಿರಬಹುದಿತ್ತು, ಮೌನಿಯಾಗಿರಬಹುದಿತ್ತು. ಇವನು ಮಾತ್ರ ಆಗಿರುತ್ತಿರಲಿಲ್ಲ. ಸೀಟೇ ಇರಲಿಲ್ಲ ಎನ್ನುತ್ತೇನೆ ನಾನು. ಕುಳಿತವರ ಭಾರಕ್ಕೆ ಸೀಟು ಮೂಡಿತು.

ತೆಳು ಎಂದ ಆ ದನಿಯ ಸಂಭಾಷಣೆಗಳನ್ನು ಮುಂದೆ ಪಾಲಿಡಾರ್ ಕಂಪನಿ ಗ್ರಾಮಫೋನ್ ತಟ್ಟೆಯಾಗಿ ಹೊರತಂದು ಊರೂರಿಗೆ ಮಾರಿತು. ನಮ್ಮ ಸಾಗರದ ಹೋಟೆಲುಗಳಲ್ಲೂ ಹಾಡಿನ ಬದಲು ಅದನ್ನೇ ಹಾಕುತ್ತಿದ್ದರು ಎಂದು ಅಪ್ಪ ಹೇಳುತ್ತಾರೆ. ಹಿಂದಿ ಬಾರದವರೂ ದೋಸೆ ತಿನ್ನುತ್ತ ಎಷ್ಟು ಮಂದಿ ಇದ್ದರು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರಂತೆ.

ತಗಡಿನ ಮನುಷ್ಯನ ಉಸಿರು

ಕೈತಪ್ಪಿದವರ ಕಡೆಯಿಂದ ಈ ಕಥೆಗಳನ್ನು ಯಾರೂ ಹೇಳುವುದಿಲ್ಲ ಎಂಬುದೂ ನನ್ನನ್ನು ಕಾಡುವ ಸಂಗತಿ. ಹಾಲಿವುಡ್ಡಿನ ಬಡ್ಡಿ ಎಬ್ಸನ್ ಎಂಬ ನಟನದು ಅಂಥದ್ದರಲ್ಲಿ ಅಪರೂಪದ ಪ್ರಕರಣ. 1939ರಲ್ಲಿ ತೆರೆಕಂಡ ‘ದಿ ವಿಝರ್ಡ್ ಆಫ್ ಓಝ್’ ಚಿತ್ರಕ್ಕೆ ಅವರನ್ನು ಮೊದಲು ಆರಿಸಿದ್ದು ಬೆದರುಬೊಂಬೆಯ ಪಾತ್ರಕ್ಕೆ. ಇನ್ನೊಬ್ಬ ನಟ ರೇ ಬೋಲ್ಜರ್‌ಗೆ ಆ ಪಾತ್ರವೇ ಬೇಕಿತ್ತು. ಎಬ್ಸನ್ ತಕರಾರಿಲ್ಲದೆ ಬಿಟ್ಟುಕೊಟ್ಟು ತಗಡಿನ ಮನುಷ್ಯನಾಗಲು ಒಪ್ಪಿದರು. ಮುಖಕ್ಕೆ ಬಿಳಿ ಬಳಿದು ಅದರ ಮೇಲೆ ಅಲ್ಯೂಮಿನಿಯಂ ಪುಡಿ ಉದುರಿಸುತ್ತಿದ್ದರು. ಪುಡಿ ದಿನವೂ ಉಸಿರಿನ ಜೊತೆ ಒಳಗೆ ಹೋಯಿತು. ಕೆಲವೇ ದಿನಗಳಲ್ಲಿ ಉಸಿರಾಡಲಾಗದೆ ಅವರು ಆಸ್ಪತ್ರೆ ಸೇರಿದರು. ಅವರ ಜಾಗಕ್ಕೆ ಜ್ಯಾಕ್ ಹೇಲಿ ಬಂದರು, ಪುಡಿಯ ಬದಲು ಲೇಪ ಬಂತು, ಚಿತ್ರ ಮುಂದೆ ಹೋಯಿತು.

ಆದರೆ ಹಾಡುಗಳ ಧ್ವನಿಮುದ್ರಣ ಮೊದಲೇ ಆಗಿತ್ತು. ಮಾಂತ್ರಿಕನನ್ನು ನೋಡಲು ಹೊರಟ ಗೆಳೆಯರೆಲ್ಲ ಸೇರಿ ಹಾಡುವ ಹಾಡಿನಲ್ಲಿ ಎಬ್ಸನ್ ಅವರ ದನಿ ಇಂದಿಗೂ ಇದೆ. ತೆರೆಯ ಮೇಲೆ ಹೆಜ್ಜೆ ಹಾಕುವುದು ಹೇಲಿ, ಗುಂಪಿನೊಳಗೆ ಕೇಳುವುದು ಎಬ್ಸನ್. ಆ ಚಿತ್ರವನ್ನು ಮಕ್ಕಳಿಗೆ ತೋರಿಸುವಾಗ ನಾನು ಕಣ್ಣು ಮುಚ್ಚಿ ಆ ದನಿಯನ್ನು ಹುಡುಕುತ್ತೇನೆ. ಸಿಕ್ಕಿತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಅವರು 2003ರವರೆಗೆ, ತೊಂಬತ್ತೈದು ವರ್ಷ ಬದುಕಿದರು. ಟೆಲಿವಿಷನ್ನಿನಲ್ಲಿ ಮನೆಮಾತಾದರು. ಯಾರಾದರೂ ಅವರನ್ನು ಕೈತಪ್ಪಿದವರ ಪಟ್ಟಿಗೆ ಸೇರಿಸಿದರೆ ನನಗೆ ಸಿಟ್ಟು ಬರುತ್ತದೆ. ಶ್ವಾಸಕೋಶವನ್ನೇ ಪಣಕ್ಕಿಟ್ಟವರು ಅವರು.

ಚೌಕಿಯಲ್ಲಿ ಕೀಚಕ

ಈ ವ್ಯಸನವೆಲ್ಲ ಸಿನಿಮಾದ್ದು, ನಮ್ಮ ರಂಗಭೂಮಿಯದಲ್ಲ. ಇದು ನನಗೆ ಹೊಳೆದದ್ದು ಚಿಕ್ಕಂದಿನ ಒಂದು ರಾತ್ರಿಯನ್ನು ನೆನೆಸಿಕೊಂಡಾಗ. ಊರಿನ ಗದ್ದೆಯಲ್ಲಿ ಡೇರೆ ಮೇಳದ ಯಕ್ಷಗಾನದ ಆಟ. ಕೀಚಕನ ವೇಷ ಮಾಡಬೇಕಾದ ಕಲಾವಿದರು ಬರುವ ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತಿದೆ ಎಂಬ ಸುದ್ದಿ ಬಂತು. ನಾನು ಅಪ್ಪನ ಕೈ ಹಿಡಿದು, ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯ ಬಾಗಿಲಲ್ಲಿ ನಿಂತಿದ್ದೆ. ಸಾಲಾಗಿ ದೀಪ, ಸಾಲಾಗಿ ಕನ್ನಡಿ, ಬಣ್ಣದ ಮತ್ತು ಕೊಬ್ಬರಿ ಎಣ್ಣೆಯ ವಾಸನೆ. ಅಲ್ಲೊಬ್ಬರು ಬೇರೆ ವೇಷಕ್ಕೆಂದು ಆಗಲೇ ಅರ್ಧ ಮುಖಕ್ಕೆ ಬಣ್ಣ ಹಚ್ಚಿ ಕುಳಿತಿದ್ದರು. ಮೇಳದ ಯಜಮಾನರು ಬಂದು, “ಇವತ್ತು ಕೀಚಕ ನಿಮ್ಮದು ಹೆಗಡೇರೆ” ಎಂದರು. ಅಷ್ಟೇ. ಅವರು ಒಂದು ಮಾತೂ ಆಡದೆ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹಚ್ಚಿದ್ದನ್ನೆಲ್ಲ ಒರೆಸಿ, ಮುಖವನ್ನು ಬರಿದು ಮಾಡಿಕೊಂಡು, ಮೊದಲಿನಿಂದ ಶುರುಮಾಡಿದರು. ಒರೆಸಿದ ಬಟ್ಟೆಯ ಮೇಲೆ ಒಬ್ಬ ಪೂರ್ತಿಯಾಗದ ರಾಜ ಮುದ್ದೆಯಾಗಿ ಬಿದ್ದಿದ್ದ. ನಾನು ಕೀಚಕನಿಗಿಂತ ಹೆಚ್ಚು ಹೊತ್ತು ಆ ಬಟ್ಟೆಯನ್ನೇ ನೋಡಿದ್ದೆ.

ಬೆಳಗಿನ ಜಾವ ಮನೆಗೆ ನಡೆಯುವಾಗ ದೊಡ್ಡವರ ಮಾತು ನಡೆದೇ ಇತ್ತು. ಇವರ ಕೀಚಕ ಕುಣಿತದಲ್ಲಿ ಹಗುರ, ಆದರೆ ಅರ್ಥಗಾರಿಕೆಯಲ್ಲಿ ಅವನಿಗೂ ಒಂದು ನ್ಯಾಯ ಕೊಡುತ್ತಾರೆ, ಚಿಟ್ಟಾಣಿಯವರ ಕೀಚಕನ ಕಣ್ಣೇ ಬೇರೆ, ಹೀಗೆ. ಅವರು ಮಾಡಬೇಕಿತ್ತು, ಇವರ ಪಾಲಾಯಿತು ಎಂದು ಒಬ್ಬರೂ ಹೇಳಲಿಲ್ಲ. ಯಾಕೆಂದರೆ ಬಸ್ಸು ಕೆಟ್ಟವರು ನಾಳೆ ಇನ್ನೊಂದು ಊರಿನಲ್ಲಿ ಕೀಚಕನಾಗಿಯೇ ಆಗುತ್ತಾರೆ. ಪಾತ್ರ ಅಲ್ಲಿ ದೇವಸ್ಥಾನದ ಬಾವಿಯ ಹಾಗೆ. ಯಾರು ಸೇದಿದರೂ ನೀರು ಉಳಿಯುತ್ತದೆ, ಸೇದಿದವರ ಕೊಡದ ಆಕಾರ ಪಡೆಯುತ್ತದೆ. ಸಿನಿಮಾ ಒಂದೇ ಸಲ ಸೇದಿ ಬಾವಿ ಮುಚ್ಚಿಬಿಡುತ್ತದೆ. ಆಮೇಲೆ ನಾವು ಮುಚ್ಚಿದ ಬಾವಿಯ ಸುತ್ತ ಕುಳಿತು ಇನ್ನೊಬ್ಬರ ಕೊಡದ ಬಗ್ಗೆ ಮಾತಾಡುತ್ತೇವೆ.

ಹಾಗೆ ನೋಡಿದರೆ ರವಿವರ್ಮನೂ ಹಳೆಯ ಬಾವಿಯ ನೀರೇ. ಹದಿನಾಲ್ಕನೇ ಶತಮಾನದ ಇಟಲಿಯ ಬೊಕಾಚಿಯೊ ಬರೆದ ‘ಡೆಕಮರನ್’ ಸಂಗ್ರಹದಲ್ಲಿ ಫೆಡೆರಿಗೊ ಎಂಬವನೊಬ್ಬನಿದ್ದಾನೆ. ಪ್ರೀತಿಸಿದವಳಿಗಾಗಿ ಆಸ್ತಿಯೆಲ್ಲ ಕರಗಿಸಿಕೊಂಡವನು. ಉಳಿದದ್ದು ಒಂದು ಬೇಟೆಯ ಗಿಡುಗ. ಅವಳು ಮನೆಗೆ ಬಂದ ದಿನ ಬಡಿಸಲು ಬೇರೇನೂ ಇಲ್ಲದೆ ಅದನ್ನೇ ಅಡುಗೆ ಮಾಡಿಸುತ್ತಾನೆ. ಉಂಡ ಮೇಲೆ ಅವಳು ಕೇಳುತ್ತಾಳೆ, ಕಾಯಿಲೆಯ ಮಗನಿಗೆ ಆ ಗಿಡುಗ ಬೇಕಿತ್ತು ಎಂದು. ಫ್ಲಾರೆನ್ಸಿನ ಗಿಡುಗ ಮದ್ರಾಸಿನಲ್ಲಿ ಪಾರಿವಾಳವಾಯಿತೋ ಏನೋ. ಅಲ್ಲಿ ಕೊನೆಗೆ ಫೆಡೆರಿಗೊಗೆ ಅವಳ ಜೊತೆ ಮದುವೆಯಾಗುತ್ತದೆ. ನಮ್ಮವನಿಗೆ ಆ ಭಾಗ್ಯವಿಲ್ಲ. ಕೊಡಲು ಏನೂ ಉಳಿಯಲಿಲ್ಲ ಎಂಬ ಒಂದೇ ಏಟಿಗೆ ಅವನು ಹೋಗಿಬಿಡುತ್ತಾನೆ.

ಒಲ್ಲೆ ಎಂದವರು ಮರಳಿ ಬಂದಾಗ

ಕೈತಪ್ಪಿದ ಪಾತ್ರಗಳ ಸಾಲಿನಲ್ಲಿ ‘ಕಸ್ತೂರಿ ನಿವಾಸ’ ಬೇರೆಯಾಗಿ ನಿಲ್ಲುವುದಕ್ಕೆ ಕಾರಣವಿದೆ. ಇಲ್ಲಿ ಊಹಿಸಬೇಕಿಲ್ಲ, ನೋಡಬಹುದು. ಒಲ್ಲೆ ಎಂದಿದ್ದ ಶಿವಾಜಿ ಗಣೇಶನ್ ಕನ್ನಡದಲ್ಲಿ ಚಿತ್ರ ಗೆದ್ದ ಮೇಲೆ, 1975ರಲ್ಲಿ, ಅದೇ ಕಥೆಯನ್ನು ತಮಿಳಿನಲ್ಲಿ ‘ಅವನ್‌ದಾನ್ ಮನಿದನ್’ ಎಂದು ಮಾಡಿದರು. ಜಯಲಲಿತಾ, ಮುತ್ತುರಾಮನ್ ಜೊತೆಗಿದ್ದರು. ಅದಕ್ಕೂ ಒಂದು ವರ್ಷ ಮೊದಲು ಹಿಂದಿಯಲ್ಲಿ ‘ಶಾನ್‌ದಾರ್’ ಆಗಿ ಬಂದಾಗ ನಾಯಕ ಸಂಜೀವ್ ಕುಮಾರ್. ಹೌದು, ಗಬ್ಬರ್ ಆಗಬೇಕೆಂದುಕೊಂಡು ಠಾಕೂರ್ ಆದ ಅದೇ ಸಂಜೀವ್ ಕುಮಾರ್. ಕೊಡುವುದಕ್ಕೆಂದೇ ಕೈ ಇರುವ ಮನುಷ್ಯ ಒಂದು ಚಿತ್ರದಲ್ಲಿ, ಕೈಗಳನ್ನೇ ಕಳೆದುಕೊಂಡವನು ಇನ್ನೊಂದರಲ್ಲಿ. ಎರಡೂ ಒಂದು ವರ್ಷದ ಅಂತರದಲ್ಲಿ ತೆರೆಗೆ ಬಂದವು.

ಶಿವಾಜಿಯವರ ಕಥೆಯಲ್ಲಿ ಇನ್ನೊಂದು ತಿರುವು ಇದೆ. ಅವರು ಹುಟ್ಟಿದಾಗ ಬರೀ ಗಣೇಶನ್. 1940ರ ದಶಕದಲ್ಲಿ ಅಣ್ಣಾದುರೈ ಬರೆದ ನಾಟಕದಲ್ಲಿ ಛತ್ರಪತಿ ಶಿವಾಜಿಯ ವೇಷ ಹಾಕಿದರು, ಅದನ್ನು ಮೆಚ್ಚಿ ಪೆರಿಯಾರ್ ಆ ಹೆಸರನ್ನೇ ಕೊಟ್ಟರು. ಆ ವೇಷ ಮೊದಲು ಎಂ.ಜಿ. ರಾಮಚಂದ್ರನ್ ಹಾಕಬೇಕಿತ್ತಂತೆ. ಹೆಸರನ್ನೇ ಇನ್ನೊಬ್ಬರು ಬಿಟ್ಟ ಪಾತ್ರದಿಂದ ಪಡೆದವರು, ಮುಂದೆ ತಾವು ಬಿಟ್ಟ ಪಾತ್ರದಿಂದ ಇನ್ನೊಬ್ಬರಿಗೆ ಹೆಸರು ತಂದುಕೊಟ್ಟರು. ನಮ್ಮವರದೂ ಹೀಗೆಯೇ ಅಲ್ಲವೇ. ಗುಬ್ಬಿ ಕಂಪನಿಯ ಮುತ್ತುರಾಜ್ 1954ರಲ್ಲಿ ‘ಬೇಡರ ಕಣ್ಣಪ್ಪ’ನ ಬಿಲ್ಲು ಹಿಡಿದಾಗ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ರಾ‌ಜ್‌ಕುಮಾರ್ ಎಂದು ಕರೆದರು. ‘ವಂಶವೃಕ್ಷ’ದ ಸಣ್ಣ ಪಾತ್ರದಲ್ಲಿ ಕಂಡಿದ್ದ ಸಂಪತ್ ಕುಮಾರ್, 1972ರ ‘ನಾಗರಹಾವು’ ಚಿತ್ರದ ರಾಮಾಚಾರಿಯಾಗುವಾಗ ನಿರ್ದೇಶಕ ಪುಟ್ಟಣ್ಣನವರ ಕೈಯಲ್ಲಿ ವಿಷ್ಣುವರ್ಧನ್ ಆದರು. ಆ ಪಾತ್ರಗಳು ಬಾರದೇ ಹೋಗಿದ್ದರೆ ಇವರು ಕಳೆದುಕೊಳ್ಳುತ್ತಿದ್ದುದು ಪಾತ್ರವನ್ನಲ್ಲ. ಕಳೆದುಕೊಳ್ಳಲು ಆ ಹೆಸರಿನವರು ಯಾರೂ ಇರುತ್ತಲೇ ಇರಲಿಲ್ಲ.

ಇರಲಿ. ಎರಡು ಚಿತ್ರಗಳನ್ನೂ ನೋಡಿದರೆ ಆ ಹಿರಿಯರ ಪಿಸುಮಾತಿಗೆ ಉತ್ತರ ಸಿಗುತ್ತದೆ ಎಂದುಕೊಂಡು ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ‘ಅವನ್‌ದಾನ್ ಮನಿದನ್’ ಹಾಕಿದೆ. ಕಚೇರಿಯಲ್ಲಿ ನನ್ನ ಪಕ್ಕ ಕೂರುವ ಕೊಯಮತ್ತೂರಿನ ಗೆಳೆಯರ ಪ್ರಕಾರ ಮೂಲ ಇದೇ, ಕನ್ನಡದ್ದು ಅದರ ನಕಲು. ಮೊದಲು ನೋಡಿದ್ದೇ ಮೂಲ ಎಂಬ ನಿಯಮ ನಮ್ಮಿಬ್ಬರಿಗೂ ಸಮಾನ, ಹಾಗಾಗಿ ಜಗಳವಿಲ್ಲ. ಶಿವಾಜಿ ದೊಡ್ಡ ನಟ. ಪ್ರತಿ ಮಾತನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಹೊಳಪು ಕೊಟ್ಟು ಎದುರಿಗಿಡುತ್ತಾರೆ. ದುಃಖ ಅವರ ಹುಬ್ಬಿನಲ್ಲಿ ಶುರುವಾಗಿ ಗಲ್ಲಕ್ಕೆ ಇಳಿಯುವುದನ್ನು ಕಣ್ಣಾರೆ ಹಿಂಬಾಲಿಸಬಹುದು. ರಾಜ್‌ಕುಮಾರ್ ಅವರ ರವಿವರ್ಮ ಬೇರೆ ಜಾತಿಯವನು. ಬೆಂಕಿಪೊಟ್ಟಣದ ಕಾರ್ಖಾನೆ ಕೈಬಿಟ್ಟುಹೋಗುವಾಗಲೂ ಅವನ ದನಿ ಏರುವುದಿಲ್ಲ. ಮನೆಗೆ ಬಂದವರಿಗೆ ಏನೋ ತೊಂದರೆಯಾಯಿತಲ್ಲ ಎಂಬ ಸಂಕೋಚವೇ ಮುಖದಲ್ಲಿ ಹೆಚ್ಚು. ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡಿನ ಗೊಂಬೆ ಬಿದ್ದು ಏಳುವಾಗ ಸದ್ದು ಮಾಡುವುದಿಲ್ಲವಲ್ಲ, ಹಾಗೆ.

ನನ್ನ ಪರೀಕ್ಷೆ ಅರ್ಧಕ್ಕೇ ಮುರಿದುಬಿತ್ತು. ನೋಡುತ್ತಿದ್ದದ್ದು ಶಿವಾಜಿ ಮಾಡಬೇಕಿದ್ದ ಚಿತ್ರವನ್ನಲ್ಲ ಎಂಬುದು ಅಷ್ಟರಲ್ಲಿ ಹೊಳೆಯಿತು. ಒಲ್ಲೆ ಎಂದ ಶಿವಾಜಿಗೆ ಎದುರಿಗಿದ್ದದ್ದು ಬರೀ ಕಾಗದ, ಮತ್ತು ಸಾಯುವ ನಾಯಕನನ್ನು ಜನ ಒಪ್ಪುತ್ತಾರೋ ಎಂಬ ಅಳುಕು. ಒಪ್ಪಿದ ಶಿವಾಜಿಗೆ ಎದುರಿಗೆ ಒಂದು ಗೆದ್ದ ಚಿತ್ರವಿತ್ತು. ಅವರು ಮಾಡುತ್ತಿದ್ದದ್ದು ಇನ್ನೊಬ್ಬ ನಟ ಆಗಲೇ ಬದುಕಿ ಸತ್ತ ಮನುಷ್ಯನನ್ನು. ಆ ಮೊದಲಿನ ಚಿತ್ರ, ಯಾರೂ ಮಾಡದೇ ಹೋದದ್ದು, ಚೌಕಿಯ ಬಟ್ಟೆಯ ಮೇಲೆ ಒರೆಸಿಹೋದ ರಾಜನ ಹಾಗೆ. ಅದನ್ನು ತೋರಿಸುವ ಪ್ರೊಜೆಕ್ಟರ್ ಇಲ್ಲ.

ಅಮ್ಮನಿಗೆ ಇಂಥ ತೊಡಕುಗಳೇನೂ ಇರಲಿಲ್ಲ. ಅವಳಿಗೆ ತಮಿಳು ಬಾರದು, ಕಥೆ ಗೊತ್ತು, ಅಷ್ಟು ಸಾಕಿತ್ತು. ಹಲಸಿನ ಹಪ್ಪಳ ಮುರಿಯುತ್ತ ಒಂದು ಗಂಟೆ ಗಮನವಿಟ್ಟು ನೋಡಿ ತೀರ್ಪು ಕೊಟ್ಟಳು: “ಇವರೂ ಬಹಳ ಚೆನ್ನಾಗಿ ಮಾಡಿದ್ದಾರೆ. ಆದರೆ ಇವರು ಕೊಡುವಾಗ ಕೊಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ರಾಜ್‌ಕುಮಾರ್ ಬಲಗೈಯಲ್ಲಿ ಕೊಟ್ಟರೆ ಎಡಗೈಗೆ ತಿಳಿಯುವುದಿಲ್ಲ.” ಅದು ವಿಮರ್ಶೆಯೋ ಪಕ್ಷಪಾತವೋ ಎಂದು ನಾನು ಕೇಳಲಿಲ್ಲ. ಎರಡೂ ಇರಬೇಕು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು: “ಇವರು ಮೊದಲೇ ಒಪ್ಪಿಕೊಂಡಿದ್ದರೆ ನೀನು ಇರುತ್ತಿರಲಿಲ್ಲ ಮಾರಾಯ.” ಯಾಕೆ ಎಂದೆ. ಆ ಟೆಂಟಿನಲ್ಲಿ, ಚಾಪೆಯ ಆ ತುದಿಯಲ್ಲಿ, ಒಬ್ಬಳು ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳಂತೆ. ಚಿಕ್ಕಮ್ಮ ಅವಳಿಗೆ ಕಡಲೆಕಾಯಿ ಕೊಟ್ಟು, ನೀರು ಕೊಟ್ಟು, ಯಾವ ಊರು, ಯಾರ ಮನೆ ಎಂದು ವಿಚಾರಿಸಿದರಂತೆ. ಅವಳು ಅಪ್ಪನ ತಂಗಿ, ನನ್ನ ಅತ್ತೆ. ಮನೆಯಲ್ಲಿ ಮದುವೆಗೆ ಬಂದ ಅಣ್ಣನಿದ್ದಾನೆ ಎಂಬ ಮಾತು ಅಲ್ಲೇ, ಆಟ ಬಿಟ್ಟು ಲಾಟೀನು ಹುಡುಕುವ ಗಡಿಬಿಡಿಯಲ್ಲೇ, ಬಂತಂತೆ. ತಮಿಳು ಚಿತ್ರವಾಗಿದ್ದರೆ ಆ ಟೆಂಟಿಗೆ ಅದು ಬರುತ್ತಿತ್ತೇ? ಬಂದಿದ್ದರೂ ಅತ್ತೆ ಅಷ್ಟು ಅಳುತ್ತಿದ್ದಳೇ?

ನಾನು ಬಾಯಿ ತೆರೆದು ಕೂತಿದ್ದೆ. ಒಳಕೋಣೆಯಿಂದ ಅಪ್ಪನ ದನಿ ಬಂತು: “ಅದು ಕಸ್ತೂರಿ ನಿವಾಸ ಅಲ್ಲ ಮಾರಾಯ್ತಿ. ನನ್ನ ತಂಗಿ ಅತ್ತದ್ದು ಬೇರೆ ಯಾವುದೋ ಚಿತ್ರಕ್ಕೆ.”

ಅಮ್ಮ ರಿಮೋಟ್ ತೆಗೆದುಕೊಂಡು ಶಿವಾಜಿಯವರ ದನಿಯನ್ನು ಇನ್ನಷ್ಟು ಏರಿಸಿದಳು.